ಮೊದಲ ಮೈಕ್ರೋಕಂಟ್ರೋಲರ್ ಬೋರ್ಡ್: ಯಾವುದು ತಗೊಳ್ಳೋದು, ಯಾಕೆ?

2025ರ ಫೆಬ್ರವರಿಯ ಕೇಂದ್ರ ಬಜೆಟ್‌ನಲ್ಲಿ ಒಂದು ಘೋಷಣೆ ಇತ್ತು. ಮುಂದಿನ ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಲ್ಲಿ 50,000 ಅಟಲ್ ಟಿಂಕರಿಂಗ್ ಲ್ಯಾಬ್‌ಗಳು ಬರಲಿವೆ ಅಂತ. ಈಗಾಗಲೇ ಲ್ಯಾಬ್ ಇರುವ ಶಾಲೆಗಳಲ್ಲಿ ಆರನೇ ಕ್ಲಾಸಿನ ಮಕ್ಕಳೇ ಸೆನ್ಸರ್, ಮೋಟಾರು, ಸಣ್ಣ ಸಣ್ಣ ಬೋರ್ಡುಗಳ ಜೊತೆ ಆಡುತ್ತಿದ್ದಾರೆ. ಹಲವು ಖಾಸಗಿ ಶಾಲೆಗಳಲ್ಲಂತೂ ರೋಬೋಟಿಕ್ಸ್ ಹೆಸರಲ್ಲಿ ಬೇರೆ ಫೀಸೇ ಇದೆ.

ಇದರಿಂದ ಮನೆಗಳಲ್ಲಿ ಹೊಸದೊಂದು ಬೇಡಿಕೆ ಶುರುವಾಗಿದೆ. "ಅಪ್ಪಾ, ಒಂದು ಆರ್ಡುಯಿನೋ ಕೊಡಿಸು." ಅಪ್ಪ ಅಂಗಡಿಗೆ ಹೋಗುತ್ತಾರೆ. "ಉನೋನಾ ಸರ್, ನ್ಯಾನೋನಾ? ಇಎಸ್‌ಪಿ ತಗೊಳ್ಳಿ, ವೈಫೈ ಇದೆ. ಪೀಕೋ ಇನ್ನೂ ಕಮ್ಮಿಗೆ ಬರುತ್ತೆ" ಅನ್ನುತ್ತಾನೆ ಅಂಗಡಿಯವನು. ಇವೆಲ್ಲ ಬೇರೆ ಬೇರೆ ಬೋರ್ಡುಗಳ ಹೆಸರು. ಬೆಲೆ ಜಾಸ್ತಿ ಇದ್ದದ್ದು ಒಳ್ಳೆಯದಿರಬಹುದು ಅಂತ ಒಂದನ್ನು ತರುವುದು, ಅದು ಎರಡು ವಾರದಲ್ಲಿ ಶೋಕೇಸ್ ಸೇರುವುದು, ಎರಡೂ ಮಾಮೂಲಿ. ದೊಡ್ಡವರು ತಮಗೇ ಅಂತ ಕಲಿಯಲು ಹೊರಟಾಗಲೂ ಬಹುತೇಕ ಹೀಗೇ ಆಗುತ್ತದೆ.

ಹಾಗಾಗಿ ಬುಡದಿಂದ ನೋಡೋಣ.

ಮೈಕ್ರೋಕಂಟ್ರೋಲರ್ ಅಂದರೆ ಏನು?

ವಾಷಿಂಗ್ ಮೆಷಿನ್, ಇಂಡಕ್ಷನ್ ಒಲೆ, ಡಿಜಿಟಲ್ ಕರೆಂಟ್ ಮೀಟರ್, ಟೀವಿ ರಿಮೋಟ್. ಇಂಥವುಗಳ ಒಳಗೆಲ್ಲ ಒಂದು ಪುಟ್ಟ ಚಿಪ್ ಕೂತಿರುತ್ತದೆ. ಗುಂಡಿ ಒತ್ತಿದರಾ, ನೀರು ತುಂಬಿತಾ, ಬಿಸಿ ಜಾಸ್ತಿಯಾಯಿತಾ ಅಂತ ನೋಡುವುದು ಅದರ ಕೆಲಸ. ನೋಡಿದ್ದಕ್ಕೆ ತಕ್ಕಂತೆ ಮೋಟಾರು ತಿರುಗಿಸುತ್ತದೆ, ದೀಪ ಹೊತ್ತಿಸುತ್ತದೆ, ಬೀಪ್ ಅನ್ನುತ್ತದೆ. ಲೆಕ್ಕ ಮಾಡುವ ಭಾಗ, ಪ್ರೋಗ್ರಾಂ ಇಟ್ಟುಕೊಳ್ಳುವ ಜಾಗ, ಕೆಲಸದ ನಡುವೆ ಬೇಕಾಗುವ ತಾತ್ಕಾಲಿಕ ಮೆಮೊರಿ, ಹೊರಗಿನ ವೈರುಗಳಿಗೆ ಜೋಡಿಸುವ ಪಿನ್ನುಗಳು, ಇವೆಲ್ಲ ಸೇರಿ ಒಂದೇ ಚಿಪ್. ಅದೇ ಮೈಕ್ರೋಕಂಟ್ರೋಲರ್.

ಕಂಪ್ಯೂಟರಿಗೂ ಇದಕ್ಕೂ ಏನು ವ್ಯತ್ಯಾಸ? ದರ್ಶಿನಿಯಲ್ಲಿ ದೋಸೆ ಹೆಂಚಿನ ಮುಂದೆ ನಿಂತವರನ್ನು ನೋಡಿ. ಗಲ್ಲಾ ಅವರದಲ್ಲ, ಕಾಫಿ ಕೌಂಟರೂ ಅವರದಲ್ಲ. ಹೆಂಚು ಕಾದಿದೆಯಾ ನೋಡು, ನೀರು ಚಿಮುಕಿಸು, ಹಿಟ್ಟು ಹುಯ್ಯಿ, ಎಣ್ಣೆ ಬಿಡು, ಎತ್ತು, ಮತ್ತೆ ಹೆಂಚು ನೋಡು. ಬೆಳಗಿನಿಂದ ರಾತ್ರಿವರೆಗೆ ಅದೇ ಸುತ್ತು. ಮೈಕ್ರೋಕಂಟ್ರೋಲರ್ ಅಂದರೆ ಆ ಹೆಂಚಿನ ಮುಂದಿನ ಭಟ್ಟರು. ಲ್ಯಾಪ್‌ಟಾಪ್ ಅಂದರೆ ಇಡೀ ಹೋಟೆಲ್ಲು. ಹೋಟೆಲ್ಲು ಬಾಗಿಲು ತೆಗೆದು ಶುರುವಾಗಲು ಸಮಯ ಬೇಕು. ಮೈಕ್ರೋಕಂಟ್ರೋಲರ್ ಕರೆಂಟ್ ಕೊಟ್ಟ ಕೂಡಲೇ ಕೆಲಸಕ್ಕೆ ನಿಲ್ಲುತ್ತದೆ.

ಇಲ್ಲೊಂದು ಗೊಂದಲ ಬಗೆಹರಿಸಿಬಿಡೋಣ. ರಾಸ್ಪ್‌ಬೆರಿ ಪೈ 4 ಅಥವಾ 5 ಮೈಕ್ರೋಕಂಟ್ರೋಲರ್ ಬೋರ್ಡ್ ಅಲ್ಲ. ಅದು ಲಿನಕ್ಸ್ ಓಡಿಸುವ ಪೂರ್ತಿ ಕಂಪ್ಯೂಟರ್. ಮಾನಿಟರ್, ಕೀಬೋರ್ಡ್, ಮೆಮೊರಿ ಕಾರ್ಡ್ ಎಲ್ಲ ಬೇಕು. ಅದೇ ಹೆಸರಿನ 'ರಾಸ್ಪ್‌ಬೆರಿ ಪೈ ಪೀಕೋ' ಮಾತ್ರ ಮೈಕ್ರೋಕಂಟ್ರೋಲರ್ ಬೋರ್ಡ್. ಹೆಸರು ನೋಡಿ ಒಂದಕ್ಕೆ ಇನ್ನೊಂದು ತಂದವರು ಕಮ್ಮಿಯೇನಿಲ್ಲ.

ಬೋರ್ಡ್ ಮಾತ್ರ ಅಲ್ಲ, ಪ್ಲಾಟ್‌ಫಾರ್ಮ್

ಬರೀ ಚಿಪ್ಪನ್ನು ಕೈಗೆ ಕೊಟ್ಟರೆ ಹೊಸಬರು ಏನೂ ಮಾಡಲಾರರು. ಅದಕ್ಕೆ ಸರಿಯಾದ ವೋಲ್ಟೇಜ್ ಬೇಕು, ಯುಎಸ್‌ಬಿ ಜೋಡಣೆ ಬೇಕು, ಪ್ರೋಗ್ರಾಂ ತುಂಬಿಸುವ ದಾರಿ ಬೇಕು. ಇವನ್ನೆಲ್ಲ ಸೇರಿಸಿ ಮಾಡಿದ್ದು ಬೋರ್ಡ್. ಬೋರ್ಡಿನ ಜೊತೆಗೆ ಪ್ರೋಗ್ರಾಂ ಬರೆಯುವ ಸಾಫ್ಟ್‌ವೇರ್, ಆಗಲೇ ಯಾರೋ ಬರೆದಿಟ್ಟ ಸಿದ್ಧ ಕೋಡ್ ಅಂದರೆ ಲೈಬ್ರರಿಗಳು, ಪಾಠಗಳು, ಕೈಕೊಟ್ಟಾಗ ಉತ್ತರ ಹೇಳುವ ಜನ. ಇಷ್ಟೂ ಸೇರಿದರೆ ಪ್ಲಾಟ್‌ಫಾರ್ಮ್.

ಅಂಗಡಿಯವರು ಮಾತಾಡುವುದು ಬೋರ್ಡಿನ ಬಗ್ಗೆ. ಎಷ್ಟು ಮೆಗಾಹರ್ಟ್ಸ್, ಎಷ್ಟು ಮೆಮೊರಿ, ವೈಫೈ ಇದೆಯೋ ಇಲ್ಲವೋ. ಆದರೆ ಕಲಿಯುವವರು ಸಿಕ್ಕಿಹಾಕಿಕೊಳ್ಳುವುದು ವೇಗದಲ್ಲಲ್ಲ. ಕೇಬಲ್ಲಿನಲ್ಲಿ, ಬೋರ್ಡನ್ನು ಕಂಪ್ಯೂಟರಿಗೆ ಪರಿಚಯಿಸುವ ಡ್ರೈವರ್ ಸಾಫ್ಟ್‌ವೇರಿನಲ್ಲಿ, ತಪ್ಪು ಪಿನ್ನಿನಲ್ಲಿ. ಅಂಥ ಹೊತ್ತಲ್ಲಿ ಕೈ ಹಿಡಿಯುವುದು, ನಿಮಗಿಂತ ಮುಂಚೆ ಅದೇ ಜಾಗದಲ್ಲಿ ಸಿಕ್ಕಿಹಾಕಿಕೊಂಡು ಹೊರಗೆ ಬಂದವರು ಬರೆದಿಟ್ಟ ಉತ್ತರ. ಮೊದಲ ಬೋರ್ಡ್ ಆರಿಸುವಾಗ ನನ್ನ ಲೆಕ್ಕದಲ್ಲಿ ಇದಕ್ಕೇ ಜಾಸ್ತಿ ಅಂಕ.

ಒಂದು ದೀಪ ಮಿನುಗಲು ಏನೇನು ನಡೆಯಬೇಕು

ಯಾವ ಬೋರ್ಡ್ ತಗೊಂಡರೂ ಮೊದಲ ಪಾಠ ಒಂದೇ: ಎಲ್‌ಇಡಿ ದೀಪ ಮಿನುಗಿಸುವುದು. ಇದಕ್ಕೆ 'ಬ್ಲಿಂಕ್' ಅನ್ನುತ್ತಾರೆ. ಆರ್ಡುಯಿನೋದಲ್ಲಿ ಈ ಪ್ರೋಗ್ರಾಮಿಗೆ ಎರಡು ಭಾಗ. ಮೊದಲನೆಯದು 'ಸೆಟಪ್'. ಬೋರ್ಡಿಗೆ ಕರೆಂಟ್ ಬಂದಾಗ ಒಂದೇ ಸಲ ನಡೆಯುತ್ತದೆ. "13ನೇ ಪಿನ್ನಿನಿಂದ ಕರೆಂಟ್ ಹೊರಗೆ ಕಳಿಸುತ್ತೇನೆ" ಅಂತ ಇಲ್ಲಿ ಹೇಳಬೇಕು, ದೀಪ ಸೇರಿರುವುದು ಆ ಪಿನ್ನಿಗೇ. ಎರಡನೆಯದು 'ಲೂಪ್'. ಅದೇ ದೋಸೆಯ ಸುತ್ತು. ಇದರಲ್ಲಿ ನಾಲ್ಕೇ ಸಾಲು: 13ನೇ ಪಿನ್ ಆನ್ ಮಾಡು, 1000 ಮಿಲಿಸೆಕೆಂಡ್ ಕಾಯಿ, ಆಫ್ ಮಾಡು, ಮತ್ತೆ 1000 ಮಿಲಿಸೆಕೆಂಡ್ ಕಾಯಿ. ಲೂಪ್ ಮುಗಿದರೆ ಮತ್ತೆ ಮೇಲಿನಿಂದ.

ನೀವು ಅಪ್‌ಲೋಡ್ ಗುಂಡಿ ಒತ್ತಿದಾಗ ತೆರೆಮರೆಯಲ್ಲಿ ಎರಡು ಕೆಲಸ ನಡೆಯುತ್ತವೆ. ಮೊದಲು ನಿಮ್ಮ ಸಾಲುಗಳು ಚಿಪ್ಪಿಗೆ ಅರ್ಥವಾಗುವ ಅಂಕಿಗಳಾಗುತ್ತವೆ. ಇದು ಕಂಪೈಲ್. ಆಮೇಲೆ ಆ ಅಂಕಿಗಳು ಯುಎಸ್‌ಬಿ ಕೇಬಲ್ ಮೂಲಕ ಚಿಪ್ಪಿನಲ್ಲಿ ಪ್ರೋಗ್ರಾಂ ಇಟ್ಟುಕೊಳ್ಳುವ ಜಾಗಕ್ಕೆ, ಅಂದರೆ ಫ್ಲ್ಯಾಶ್ ಮೆಮೊರಿಗೆ ಹೋಗುತ್ತವೆ. ಕಂಪೈಲ್‌ನಲ್ಲಿ ಎಡವಟ್ಟಾದರೆ ನಿಮ್ಮ ಕೋಡಿನಲ್ಲಿ ತಪ್ಪಿದೆ ಅಂತ ಅರ್ಥ. ಎಲ್ಲೋ ಒಂದು ಅರ್ಧವಿರಾಮ ಬಿಟ್ಟುಹೋಗಿರುತ್ತದೆ. ಕಂಪೈಲ್ ಆಗಿ ಅಪ್‌ಲೋಡ್‌ನಲ್ಲಿ ನಿಂತರೆ ಕೋಡಿಗೂ ಅದಕ್ಕೂ ಸಾಮಾನ್ಯವಾಗಿ ಸಂಬಂಧ ಇರುವುದಿಲ್ಲ. ತಪ್ಪು ಇರುವುದು ಕೇಬಲ್ಲಿನಲ್ಲೋ, ಪೋರ್ಟಿನಲ್ಲೋ (ಬೋರ್ಡ್ ಸಿಕ್ಕಿಸಿದ ಯುಎಸ್‌ಬಿ ಜಾಗ), ಆಯ್ಕೆ ಮಾಡಿದ ಬೋರ್ಡಿನ ಹೆಸರಿನಲ್ಲೋ. ಕೆಂಪು ಅಕ್ಷರದಲ್ಲಿ ಎರಡೂ ಒಂದೇ ಥರ ಕಾಣುವುದರಿಂದ ಹೊಸಬರು ಸರಿಯಿರುವ ಕೋಡನ್ನು ಗಂಟೆಗಟ್ಟಲೆ ತಿದ್ದುತ್ತಾ ಕೂರುತ್ತಾರೆ.

ಕೇಬಲ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಮನೆಯಲ್ಲಿ ಬಿದ್ದಿರುವ ಎಷ್ಟೋ ಯುಎಸ್‌ಬಿ ಕೇಬಲ್‌ಗಳು ಬರೀ ಚಾರ್ಜಿಂಗ್ ಕೇಬಲ್‌ಗಳು. ಒಳಗೆ ಕರೆಂಟಿನ ಎರಡು ತಂತಿ ಮಾತ್ರ, ಡೇಟಾ ತಂತಿ ಇರುವುದಿಲ್ಲ. ಇಂಥ ಕೇಬಲ್ ಹಾಕಿದರೆ ಬೋರ್ಡಿನ ಪವರ್ ದೀಪ ಹೊತ್ತುತ್ತದೆ, ಕಂಪ್ಯೂಟರಿಗೆ ಮಾತ್ರ ಬೋರ್ಡ್ ಕಾಣುವುದೇ ಇಲ್ಲ. ದೀಪ ಹೊತ್ತಿದೆಯಲ್ಲ, ಕೇಬಲ್ ಸರಿ ಇದೆ ಅಂದುಕೊಂಡು ಬೋರ್ಡ್ ಕೆಟ್ಟಿದೆ ಅಂತ ತೀರ್ಮಾನಿಸಿಬಿಡುತ್ತೇವೆ. ಆ ಕೇಬಲ್ಲಿನಲ್ಲಿ ಫೋನಿನಿಂದ ಕಂಪ್ಯೂಟರಿಗೆ ಒಂದು ಫೋಟೋ ಕಾಪಿ ಮಾಡಿ ನೋಡಿ. ಕಾಪಿ ಆದರೆ ಕೇಬಲ್ ಸರಿ, ಆಗದಿದ್ದರೆ ಬೇರೆ ಕೇಬಲ್ ಹುಡುಕಿ.

ಇನ್ನು ಒಂದೊಂದಾಗಿ ಬೋರ್ಡುಗಳು. ಹೋಲಿಸಿ ನೋಡಲು ಅನುಕೂಲವಾಗಲಿ ಅಂತ ಒಂದು ಪುಟ್ಟ ಕೆಲಸ ಇಟ್ಟುಕೊಳ್ಳೋಣ: ತುಳಸಿ ಕುಂಡದ ಮಣ್ಣು ಒಣಗಿದರೆ ಸಣ್ಣ ಪಂಪ್ ಓಡಿಸಿ ನೀರು ಹಾಕಬೇಕು.

ಆರ್ಡುಯಿನೋ ಉನೋ: ಹಳೆಯದು, ಆದರೆ ದಾರಿ ಸವೆದಿದೆ

2005ರಲ್ಲಿ ಇಟಲಿಯ ಇವ್ರಿಯಾ ಅನ್ನುವ ಊರಿನ ಒಂದು ವಿನ್ಯಾಸ ಶಾಲೆಯಲ್ಲಿ ಆರ್ಡುಯಿನೋ ಹುಟ್ಟಿತು. ಮಾಸ್ಸಿಮೋ ಬಾಂಝಿ ಮತ್ತು ಸಂಗಡಿಗರಿಗೆ ಬೇಕಿದ್ದದ್ದು ಎಲೆಕ್ಟ್ರಾನಿಕ್ಸ್ ಓದದ ವಿನ್ಯಾಸದ ವಿದ್ಯಾರ್ಥಿಗಳೂ ಬಳಸಬಹುದಾದ ಅಗ್ಗದ ಬೋರ್ಡ್. ಅದೇ ಶಾಲೆಯ ವಿದ್ಯಾರ್ಥಿ ಎರ್ನಾಂಡೋ ಬರ್ರಗಾನ್ ಮಾಡಿದ್ದ 'ವೈರಿಂಗ್' ಅನ್ನುವ ಪ್ಲಾಟ್‌ಫಾರ್ಮ್ ಇದಕ್ಕೆ ಬುನಾದಿ. ಅಂದರೆ ಇದು ಶುರುವಿನಿಂದಲೂ ಹೊಸಬರಿಗಾಗಿಯೇ ಮಾಡಿದ ವಸ್ತು. ಅದರ ಲಾಭ ಈಗಲೂ ಸಿಗುತ್ತಿದೆ.

ಉನೋ ಬೋರ್ಡ್ ಬಂದಿದ್ದು 2010ರಲ್ಲಿ. ಅದರ ಚಿಪ್ಪಿನ ವೇಗ 16 ಮೆಗಾಹರ್ಟ್ಸ್. ಪ್ರೋಗ್ರಾಂ ಇಡಲು 32 ಕಿಲೋಬೈಟ್, ತಾತ್ಕಾಲಿಕ ಮೆಮೊರಿ ಬರೀ 2 ಕಿಲೋಬೈಟ್. ಫೋನಿನಲ್ಲಿ ತೆಗೆದ ಒಂದೇ ಒಂದು ಫೋಟೋ ಕೂಡ ಇದರಲ್ಲಿ ಹಿಡಿಸುವುದಿಲ್ಲ. ಆದರೆ ತುಳಸಿ ಕುಂಡಕ್ಕೆ ಇದು ಬೇಕಾದಷ್ಟಾಯಿತು. ಮಣ್ಣಿನ ಸೆನ್ಸರ್ ಓದು, ಒಣಗಿದ್ದರೆ ಪಂಪ್ ಹಾಕು, ಇಲ್ಲದಿದ್ದರೆ ಆರಿಸು. ಕೆಲಸ ಇಷ್ಟೇ ಅಲ್ವಾ?

14 ಡಿಜಿಟಲ್ ಪಿನ್ನು, 6 ಅನಲಾಗ್ ಪಿನ್ನು ಇವೆ. ಡಿಜಿಟಲ್ ಪಿನ್ನಿಗೆ ಗೊತ್ತಿರುವುದು ಆನ್ ಮತ್ತು ಆಫ್ ಎರಡೇ. ಅನಲಾಗ್ ಪಿನ್ನು 'ಎಷ್ಟು' ಅಂತಲೂ ಹೇಳುತ್ತದೆ. 0ಯಿಂದ 5 ವೋಲ್ಟ್‌ವರೆಗೆ ಬಂದದ್ದನ್ನು 0ಯಿಂದ 1023ರವರೆಗಿನ ಅಂಕಿಯಾಗಿ ಕೊಡುತ್ತದೆ. ಪಿನ್ನುಗಳ ಪಕ್ಕದಲ್ಲೇ ಅವುಗಳ ನಂಬರು ಅಚ್ಚಾಗಿದೆ. ಪಿನ್ನುಗಳಿಗೆ ತೂತಿನ ಸಾಲು ಇರುವುದರಿಂದ ಬೆಸುಗೆ ಬೇಡ, ವೈರು ಸಿಕ್ಕಿಸಿದರೆ ಸಾಕು. ಸಣ್ಣಪುಟ್ಟ ತಪ್ಪು ಜೋಡಣೆಯನ್ನೂ ಈ ಬೋರ್ಡ್ ಬೇರೆಯವುಗಳಿಗಿಂತ ಜಾಸ್ತಿ ತಡೆದುಕೊಳ್ಳುತ್ತದೆ.

ಇದರ ವಿನ್ಯಾಸ ಎಲ್ಲರಿಗೂ ಮುಕ್ತ. ಯಾರು ಬೇಕಾದರೂ ಇದೇ ಥರದ ಬೋರ್ಡ್ ಮಾಡಿ ಮಾರಬಹುದು, ಆರ್ಡುಯಿನೋ ಹೆಸರು ಮತ್ತು ಗುರುತನ್ನು ಮಾತ್ರ ಬಳಸುವಂತಿಲ್ಲ. ಅಂಗಡಿಯಲ್ಲಿ ಕಮ್ಮಿ ಬೆಲೆಗೆ ಸಿಗುವ 'ಕಂಪ್ಯಾಟಿಬಲ್' ಉನೋಗಳು ಇವೇ. ಕಲಿಯಲು ಧಾರಾಳ ಸಾಕು. ಒಂದೇ ವ್ಯತ್ಯಾಸ ಕಾಡಬಹುದು. ಇಂಥ ಬಹಳಷ್ಟು ಬೋರ್ಡುಗಳಲ್ಲಿ ಯುಎಸ್‌ಬಿ ಕೆಲಸಕ್ಕೆ ಸಿಎಚ್340 ಅನ್ನುವ ಚಿಪ್ ಹಾಕಿರುತ್ತಾರೆ. ವಿಂಡೋಸ್ ಕೆಲವೊಮ್ಮೆ ಇದನ್ನು ತಾನಾಗಿ ಗುರುತಿಸುವುದಿಲ್ಲ. ಆಗ ಅದೇ ಹೆಸರಿನ ಡ್ರೈವರ್ ಇಳಿಸಿಕೊಂಡು ಹಾಕಬೇಕು. ಡ್ರೈವರ್ ಹಾಕಿದ ಮೇಲೆ ಪೋರ್ಟ್ ಪಟ್ಟಿಯಲ್ಲಿ ಬೋರ್ಡ್ ಕಾಣುತ್ತದೆ.

ಈಗ 'ಉನೋ' ಅನ್ನುವ ಹೆಸರಲ್ಲಿ ಮೂರ್ನಾಲ್ಕು ಥರ ಇವೆ ಅನ್ನೋದು ಗೊತ್ತಿರಲಿ. ಹಳೆಯ ಪಾಠಗಳೆಲ್ಲ ಇರುವುದು ಉನೋ ಆರ್3ಕ್ಕೆ. 2023ರಲ್ಲಿ ಬಂದ ಆರ್4 ಒಳಗೆ ಬೇರೆಯೇ ಚಿಪ್ ಇದೆ. 2025ರ ಅಕ್ಟೋಬರ್‌ನಲ್ಲಿ ಕ್ವಾಲ್‌ಕಾಮ್ ಕಂಪನಿ ಆರ್ಡುಯಿನೋವನ್ನು ಕೊಳ್ಳುವುದಾಗಿ ಹೇಳಿದಾಗ ಅದರ ಜೊತೆಗೇ ಪ್ರಕಟವಾದ ಉನೋ ಕ್ಯೂ ಅಂತೂ ಲಿನಕ್ಸ್ ಓಡಿಸುವ ಪ್ರೊಸೆಸರನ್ನೂ ಮೈಕ್ರೋಕಂಟ್ರೋಲರನ್ನೂ ಒಂದೇ ಬೋರ್ಡಿನಲ್ಲಿ ಇಟ್ಟುಕೊಂಡಿದೆ. ಮೊದಲ ಬೋರ್ಡ್ ಅಂತ ಕೇಳುವಾಗ "ಉನೋ ಆರ್3" ಅಂತಲೇ ಕೇಳಿ.

ಮೈಕ್ರೋಬಿಟ್: ವೈರು ಇಲ್ಲದೆ ಶುರು ಮಾಡುವವರಿಗೆ

2016ರಲ್ಲಿ ಬ್ರಿಟನ್ನಿನಲ್ಲಿ ಬಿಬಿಸಿಯ ಮುಂದಾಳತ್ವದಲ್ಲಿ 11-12 ವರ್ಷದ ಮಕ್ಕಳಿಗೆ ಸುಮಾರು ಹತ್ತು ಲಕ್ಷ ಮೈಕ್ರೋಬಿಟ್‌ಗಳನ್ನು ಪುಕ್ಕಟೆ ಹಂಚಿದರು. ಅಂಗೈಯೊಳಗೆ ಮುಚ್ಚಿಹೋಗುವ ಬೋರ್ಡ್. 25 ಪುಟ್ಟ ದೀಪಗಳು, ಎರಡು ಗುಂಡಿ, ಓಲಾಡಿಸಿದ್ದನ್ನು ಗುರುತಿಸುವ ಸೆನ್ಸರ್, ದಿಕ್ಸೂಚಿ, ಇನ್ನೊಂದು ಮೈಕ್ರೋಬಿಟ್ ಜೊತೆ ಮಾತಾಡಲು ರೇಡಿಯೋ, ಎಲ್ಲ ಅದರ ಮೇಲೇ ಇವೆ. 2020ರ ಎರಡನೇ ಆವೃತ್ತಿಯಲ್ಲಿ ಮೈಕ್ ಮತ್ತು ಸ್ಪೀಕರ್ ಕೂಡ ಸೇರಿಕೊಂಡವು.

ಇದರಲ್ಲಿ ಕೋಡ್ ಟೈಪ್ ಮಾಡಬೇಕಾಗಿಲ್ಲ. ಬ್ರೌಸರಿನಲ್ಲಿ ಬಣ್ಣದ ತುಂಡುಗಳನ್ನು ಎಳೆದು ಒಂದಕ್ಕೊಂದು ಕೂರಿಸಿದರೆ ಪ್ರೋಗ್ರಾಂ ಆಗುತ್ತದೆ. ಕಂಪ್ಯೂಟರಿಗೆ ಸಿಕ್ಕಿಸಿದರೆ ಬೋರ್ಡ್ ಪೆನ್‌ಡ್ರೈವ್ ಥರ ಕಾಣುತ್ತದೆ, ಫೈಲ್ ಎಳೆದು ಅದರ ಮೇಲೆ ಬಿಟ್ಟರೆ ಮುಗಿಯಿತು. ಎಂಟು-ಹತ್ತು ವರ್ಷದ ಮಗು ಕೂತ ಜಾಗದಲ್ಲೇ ಒಂದು ಹೆಜ್ಜೆ ಎಣಿಸುವ ಯಂತ್ರ ಮಾಡಬಹುದು. ಒಂದೂ ವೈರು ಮುಟ್ಟದೆ.

ಕೊರತೆ ಏನಂದರೆ ಬೆಲೆ. ನಮ್ಮಲ್ಲಿ ಇಲ್ಲಿ ಹೇಳುತ್ತಿರುವ ಉಳಿದ ಅಗ್ಗದ ಬೋರ್ಡುಗಳಿಗಿಂತ ಇದು ದುಬಾರಿ. ತುಳಸಿ ಕುಂಡದ ಕೆಲಸಕ್ಕೆ ಅಂಚಿನ ದೊಡ್ಡ ಪಟ್ಟಿಗಳಿಗೆ ಕ್ಲಿಪ್ ಕಚ್ಚಿಸಿ ಸೆನ್ಸರ್ ಜೋಡಿಸಬಹುದು. ಜಾಸ್ತಿ ಪಿನ್ ಬೇಕಾದರೆ ಬೇರೊಂದು ಅಡಾಪ್ಟರ್ ಕೊಳ್ಳಬೇಕು.

ಪೀಕೋ: ಪೈಥಾನ್ ಬಲ್ಲವರ ಹತ್ತಿರದ ದಾರಿ

ರಾಸ್ಪ್‌ಬೆರಿ ಪೈ ಪೀಕೋ 2021ರ ಜನವರಿಯಲ್ಲಿ 4 ಡಾಲರ್ ಬೆಲೆಗೆ ಬಂತು. 133 ಮೆಗಾಹರ್ಟ್ಸ್‌ನ ಎರಡು ಕೋರ್ (ಲೆಕ್ಕ ಮಾಡುವ ಭಾಗ), 264 ಕಿಲೋಬೈಟ್ ಮೆಮೊರಿ. ಉನೋದ 2 ಕಿಲೋಬೈಟ್ ಪಕ್ಕದಲ್ಲಿಟ್ಟು ನೋಡಿದರೆ ಇದು ನೂರು ಪಟ್ಟಿಗೂ ಜಾಸ್ತಿ. ಇಷ್ಟು ಜಾಗ ಇರುವುದರಿಂದಲೇ ಇದರಲ್ಲಿ ಮೈಕ್ರೋಪೈಥಾನ್ ಓಡುತ್ತದೆ. ಡೇಮಿಯನ್ ಜಾರ್ಜ್ ಎಂಬುವವರು 2013ರಲ್ಲಿ ಜನರಿಂದ ಹಣ ಕೂಡಿಸಿ ಶುರು ಮಾಡಿದ, ಪೈಥಾನ್ ಭಾಷೆಯ ಪುಟಾಣಿ ರೂಪ ಅದು. ಅದಕ್ಕೆ ಕನಿಷ್ಠ 16 ಕಿಲೋಬೈಟ್ ಮೆಮೊರಿ ಬೇಕು. ಹಾಗಾಗಿ ಉನೋ ಆರ್3ದಲ್ಲಿ ಓಡುವುದಿಲ್ಲ.

ಪೈಥಾನಿನ ಅನುಕೂಲ ಏನು? ಕಂಪೈಲ್ ಮಾಡಿ ಅಪ್‌ಲೋಡ್ ಆಗಲು ಕಾಯುವ ಗೋಜಿಲ್ಲ. ಥಾನಿ ಅನ್ನುವ ಉಚಿತ ಸಾಫ್ಟ್‌ವೇರ್ ತೆರೆದು, ಕೆಳಗಿನ ಕಿಟಕಿಯಲ್ಲಿ ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದರೆ ದೀಪ ಆ ಕ್ಷಣವೇ ಹೊತ್ತುತ್ತದೆ. ಸೆನ್ಸರನ್ನು ಒಣ ಮಣ್ಣಿಗೆ ಚುಚ್ಚಿ ಒಂದು ಸಲ ಓದಿ, ನೀರು ಹಾಕಿ ಇನ್ನೊಂದು ಸಲ ಓದಿ, ಅಂಕಿ ಹೇಗೆ ಬದಲಾಯಿತು ಅಂತ ನಿಂತಲ್ಲೇ ನೋಡಬಹುದು. ಕಲಿಯುವವರಿಗೆ ಇದು ದೊಡ್ಡ ವರ. ಶಾಲೆ ಕಾಲೇಜಿನಲ್ಲಿ ಪೈಥಾನ್ ಓದಿದವರಿಗೆ ಹೊಸ ಭಾಷೆ ಕಲಿಯುವ ಹೊರೆಯೂ ಇಲ್ಲ.

ಮೊದಲ ಸಲ ಬೋರ್ಡಿನ ಮೇಲಿನ 'ಬೂಟ್‌ಸೆಲ್' ಗುಂಡಿ ಒತ್ತಿ ಹಿಡಿದುಕೊಂಡೇ ಯುಎಸ್‌ಬಿ ಸಿಕ್ಕಿಸಬೇಕು. ಆಗ ಪೆನ್‌ಡ್ರೈವ್ ಥರ ತೆರೆದುಕೊಳ್ಳುತ್ತದೆ. ಮೈಕ್ರೋಪೈಥಾನ್ ಫೈಲ್ ಅದರೊಳಗೆ ಹಾಕಿದರೆ ಆಯಿತು, ಮತ್ತೆ ಆ ಗುಂಡಿಯ ತಂಟೆಗೆ ಹೋಗಬೇಕಾಗಿಲ್ಲ.

ಎರಡು ಎಚ್ಚರಿಕೆ. ಮಾಮೂಲಿ ಪೀಕೋಗೆ ಪಿನ್ನುಗಳು ಬೆಸುಗೆ ಆಗಿರುವುದಿಲ್ಲ. ಬೆಸುಗೆ ಕಡ್ಡಿ ಇಲ್ಲದಿದ್ದರೆ ಹೆಸರಿನ ಕೊನೆಯಲ್ಲಿ 'ಎಚ್' ಇರುವುದನ್ನು ಕೇಳಿ, ಅದರಲ್ಲಿ ಪಿನ್ನುಗಳು ಕೂತೇ ಬರುತ್ತವೆ. ಇನ್ನೊಂದು: ವೈಫೈ ಇರುವುದು 2022ರಲ್ಲಿ ಬಂದ 'ಪೀಕೋ ಡಬ್ಲ್ಯೂ'ನಲ್ಲಿ. ಅದರಲ್ಲಿ ಬೋರ್ಡಿನ ಮೇಲಿನ ದೀಪ ಮಾಮೂಲಿ ಪೀಕೋದ ಹಾಗೆ 25ನೇ ಪಿನ್ನಿಗೆ ಸೇರಿಲ್ಲ, ವೈಫೈ ಚಿಪ್ಪಿನ ಕೈಯಲ್ಲಿದೆ. ಹಾಗಾಗಿ ಹಳೆಯ ಪಾಠದ ಬ್ಲಿಂಕ್ ಕೋಡನ್ನು ಹಾಗೇ ಹಾಕಿದರೆ ದೋಷವೂ ಬರಲ್ಲ, ದೀಪವೂ ಹೊತ್ತಲ್ಲ. 2024ರ ಪೀಕೋ 2 ಇದರ ತಮ್ಮ, ಜಾಸ್ತಿ ಮೆಮೊರಿ ಇದೆ.

ಇಎಸ್‌ಪಿ32: ಫೋನಿಗೆ ಸಂದೇಶ ಬರಬೇಕಾದಾಗ

ಚೀನಾದ ಶಾಂಘೈನ ಎಸ್ಪ್ರೆಸಿಫ್ ಕಂಪನಿಯ ಈ ಚಿಪ್ 2016ರಲ್ಲಿ ಬಂತು. 240 ಮೆಗಾಹರ್ಟ್ಸ್‌ವರೆಗಿನ ವೇಗ, ಎರಡು ಕೋರ್, 520 ಕಿಲೋಬೈಟ್ ಮೆಮೊರಿ, ವೈಫೈ, ಬ್ಲೂಟೂತ್. ಇಷ್ಟೆಲ್ಲ ಇದ್ದೂ ಅಸಲಿ ಉನೋಗಿಂತ ಎಷ್ಟೋ ಅಗ್ಗ. ತುಳಸಿ ಕುಂಡ ಒಣಗಿದೆ ಅಂತ ಊರಿಗೆ ಹೋದವರ ಫೋನಿಗೆ ಸಂದೇಶ ಕಳಿಸಬೇಕಾ? ಇದೇ ಸರಿಯಾದ ಬೋರ್ಡ್. ಆರ್ಡುಯಿನೋ ಸಾಫ್ಟ್‌ವೇರಿನಲ್ಲೂ ಬರೆಯಬಹುದು, ಮೈಕ್ರೋಪೈಥಾನಿನಲ್ಲೂ ಬರೆಯಬಹುದು.

ಹಾಗಾದರೆ ಎಲ್ಲರೂ ಇದನ್ನೇ ತಗೊಳ್ಳಬಾರದಾ? ತಗೊಳ್ಳಬಹುದು. ಆದರೆ ಇದರ ಒಳಗೆ ಹೊಸಬರಿಗೆ ಕಾಣದ ತೊಡಕುಗಳು ಜಾಸ್ತಿ. ಪಿನ್ನುಗಳೆಲ್ಲ ಒಂದೇ ಥರ ಅಲ್ಲ. 34ರಿಂದ 39ರವರೆಗಿನವು ಓದಲು ಮಾತ್ರ, ಅವುಗಳಿಂದ ದೀಪ ಹೊತ್ತಿಸಲಾಗದು. 6ರಿಂದ 11 ಚಿಪ್ಪಿನ ಫ್ಲ್ಯಾಶ್ ಮೆಮೊರಿಗೆ ಮೀಸಲು, ಮುಟ್ಟಬಾರದು. ಅನಲಾಗ್ ಪಿನ್ನುಗಳಲ್ಲಿ ಒಂದು ಗುಂಪು ವೈಫೈ ಆನ್ ಆದ ಕೂಡಲೇ ಓದುವುದನ್ನು ನಿಲ್ಲಿಸುತ್ತದೆ. ನಿನ್ನೆ ಸರಿಯಿದ್ದ ಮಣ್ಣಿನ ಸೆನ್ಸರ್ ಇವತ್ತು ವೈಫೈ ಕೋಡ್ ಸೇರಿಸಿದ ಮೇಲೆ ಕೆಟ್ಟುಹೋದಂತೆ ಕಂಡರೆ ಕಾರಣ ಇದೇ ಇರಬಹುದು. ಸೆನ್ಸರನ್ನು 32ರಿಂದ 39ರ ನಡುವಿನ ಪಿನ್ನಿಗೆ ಬದಲಾಯಿಸಿದರೆ ಸರಿಹೋಗುತ್ತದೆ.

ಕೆಲವು ಬೋರ್ಡುಗಳಲ್ಲಿ ಅಪ್‌ಲೋಡ್ ಶುರುವಾಗುವಾಗ 'ಬೂಟ್' ಗುಂಡಿ ಒತ್ತಿ ಹಿಡಿಯಬೇಕು. ವೈಫೈ ಶುರುವಾದಾಗ ಒಮ್ಮೆಲೇ ಜಾಸ್ತಿ ಕರೆಂಟ್ ಎಳೆಯುವುದರಿಂದ, ತೆಳು ಕೇಬಲ್ಲಾದರೆ 'ಬ್ರೌನ್‌ಔಟ್' (ವೋಲ್ಟೇಜ್ ಸಾಲಲಿಲ್ಲ) ಅನ್ನುವ ಸಂದೇಶ ಕೊಟ್ಟು ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತದೆ. 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಇದಕ್ಕೆ ಕಾಣುತ್ತದೆ. ಮನೆಯ ರೌಟರಿನಲ್ಲಿ 5 ಗಿಗಾಹರ್ಟ್ಸ್ ಹೆಸರು ಕೊಟ್ಟು, ಯಾಕೆ ಸೇರುತ್ತಿಲ್ಲ ಅಂತ ತಲೆ ಕೆಡಿಸಿಕೊಳ್ಳಬೇಡಿ. ಇವ್ಯಾವೂ ಬಗೆಹರಿಯದ ಸಮಸ್ಯೆಗಳಲ್ಲ. ಆದರೆ ಮೊದಲ ವಾರದಲ್ಲೇ ಎದುರಾದರೆ ತಪ್ಪು ತಮ್ಮದೋ ಬೋರ್ಡಿನದೋ ಅಂತ ಹೊಸಬರಿಗೆ ಗೊತ್ತಾಗುವುದಿಲ್ಲ.

ಕಾಲೇಜಿನಲ್ಲಿ 8051 ಇದೆಯಲ್ಲ?

ನಮ್ಮ ಡಿಪ್ಲೊಮಾ ಮತ್ತು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಎಷ್ಟೋ ವರ್ಷಗಳಿಂದ ಮೈಕ್ರೋಕಂಟ್ರೋಲರ್ ಅಂದರೆ 8051. ಇಂಟೆಲ್ 1980ರಲ್ಲಿ ತಂದ ಚಿಪ್, ಒಳಗಿನ ತಾತ್ಕಾಲಿಕ ಮೆಮೊರಿ 128 ಬೈಟ್. ಚಿಪ್ಪಿನೊಳಗೆ ಒಂದೊಂದು ಬಿಟ್ ಎಲ್ಲಿ ಹೋಗುತ್ತದೆ, ಟೈಮರ್ ಹೇಗೆ ಎಣಿಸುತ್ತದೆ ಅನ್ನುವುದನ್ನು ಕಲಿಸಲು ಇದು ಈಗಲೂ ಚೆನ್ನಾಗಿದೆ. ಸರಳ, ಪೂರ್ತಿ ಕಣ್ಣಿಗೆ ಕಾಣುತ್ತದೆ. ಆದರೆ ಮನೆಯಲ್ಲಿ ಕೂತು ತಾವಾಗಿಯೇ ಶುರು ಮಾಡುವವರಿಗೆ ಇದನ್ನು ಹೇಳಲು ಮನಸ್ಸು ಬರುವುದಿಲ್ಲ. ಪರೀಕ್ಷೆಗೆ 8051 ಓದಿ, ಕೈಗೆ ಉನೋ ಹಿಡಿಯಿರಿ. ಉನೋದಲ್ಲಿ ದೀಪ ಮಿನುಗಿಸಿದ ಮೇಲೆ ಪಠ್ಯದ ಪೋರ್ಟ್, ಟೈಮರ್, ಇಂಟರಪ್ಟ್ ಪಾಠಗಳು ತಲೆಗೆ ಹತ್ತುವ ರೀತಿಯೇ ಬೇರೆ.

5 ವೋಲ್ಟ್, 3.3 ವೋಲ್ಟ್: ಬೋರ್ಡ್ ಸಾಯುವುದು ಇಲ್ಲೇ

ಉನೋ ಆರ್3ದ ಪಿನ್ನುಗಳು 5 ವೋಲ್ಟಿನವು. ಪೀಕೋ, ಇಎಸ್‌ಪಿ32 ಪಿನ್ನುಗಳು 3.3 ವೋಲ್ಟಿನವು, ಮೈಕ್ರೋಬಿಟ್ ಕೂಡ ಸುಮಾರು 3. ಇದು ಬರೀ ಅಂಕಿಯ ವ್ಯತ್ಯಾಸ ಅಲ್ಲ. ಉದಾಹರಣೆಗೆ, ದೂರ ಅಳೆಯಲು ಬಹಳಷ್ಟು ಕಿಟ್ಟುಗಳಲ್ಲಿ ಎರಡು ಕಣ್ಣಿನಂಥ ಒಂದು ಅಲ್ಟ್ರಾಸಾನಿಕ್ ಸೆನ್ಸರ್ ಬರುತ್ತದೆ. ಅದು ನಡೆಯುವುದು 5 ವೋಲ್ಟಿನಲ್ಲಿ, ಉತ್ತರ ಕೊಡುವುದೂ 5 ವೋಲ್ಟಿನಲ್ಲಿ. ಉನೋಗೆ ಜೋಡಿಸಿದರೆ ಏನೂ ತೊಂದರೆ ಇಲ್ಲ. ನೇರವಾಗಿ ಇಎಸ್‌ಪಿ32ಕ್ಕೋ ಪೀಕೋಗೋ ಜೋಡಿಸಿದರೆ ಆ ಪಿನ್ ಸುಟ್ಟುಹೋಗಬಹುದು. ನಡುವೆ 1 ಕಿಲೋಓಮ್ ಮತ್ತು 2 ಕಿಲೋಓಮ್‌ನ ಎರಡು ರೆಸಿಸ್ಟರ್ (ಕರೆಂಟನ್ನು ತಡೆಯುವ ಪುಟ್ಟ ಬಿಡಿಭಾಗ) ಹಾಕಿ ವೋಲ್ಟೇಜ್ ಇಳಿಸಬೇಕು.

ಎಲ್ಲ ಬೋರ್ಡಿಗೂ ಅನ್ವಯಿಸುವ ಇನ್ನೊಂದು ಮಾತು: ಪಿನ್ನು ಹೇಳಿಕೆ ಕೊಡಲು ಇರುವುದು, ಶಕ್ತಿ ಕೊಡಲು ಅಲ್ಲ. ಉನೋದ ಒಂದು ಪಿನ್ನಿನಿಂದ 20 ಮಿಲಿಆಂಪ್‌ಗಿಂತ ಜಾಸ್ತಿ ಎಳೆಯದಿರುವುದು ಒಳ್ಳೆಯದು. ಎಲ್‌ಇಡಿಗೆ 220 ಓಮ್ ರೆಸಿಸ್ಟರ್ ಸೇರಿಸಿದರೆ ಸುಮಾರು 14 ಮಿಲಿಆಂಪ್, ಸರಿ. ಪಂಪಿಗೆ ಇದರ ಎಷ್ಟೋ ಪಟ್ಟು ಬೇಕು. ಅದಕ್ಕೇ ಪಂಪಿಗೆ ಬೇರೆ ಬ್ಯಾಟರಿ, ನಡುವೆ ಒಂದು ರಿಲೇ ಅಥವಾ ಟ್ರಾನ್ಸಿಸ್ಟರ್, ಅಂದರೆ ಪಿನ್ನಿನ ಸಣ್ಣ ಹೇಳಿಕೆಗೆ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್ಚು. ಇನ್ನು ಮನೆಯ 230 ವೋಲ್ಟ್ ಕರೆಂಟಿನ ಬಲ್ಬು, ಹೊಲದ ಪಂಪ್‌ಸೆಟ್ ಇವುಗಳಿಗೆ ರಿಲೇ ಕಟ್ಟುವ ಕೆಲಸವನ್ನು ಕಲಿಯುವ ಹಂತದಲ್ಲಿ ಮಾಡಲೇಬೇಡಿ. ಬೋರ್ಡ್ ಹೋದರೆ ಇನ್ನೊಂದು ತರಬಹುದು.

ಮಣ್ಣಿನ ಸೆನ್ಸರಿನಲ್ಲೂ ಎರಡು ಥರ. ಹೊಳೆಯುವ ಲೋಹದ ಎರಡು ಕಾಲಿನದು ಅಗ್ಗ. ಆದರೆ ಒದ್ದೆ ಮಣ್ಣಿನಲ್ಲಿ ಅದರ ಮೂಲಕ ಕರೆಂಟ್ ಹರಿಯುವುದರಿಂದ ಲೋಹ ಸವೆದು ಹೋಗುತ್ತದೆ. ಲೋಹ ಹೊರಗೆ ಕಾಣದ ಕೆಪಾಸಿಟಿವ್ ಸೆನ್ಸರ್ ತಗೊಂಡರೆ ಜಾಸ್ತಿ ದಿನ ಬಾಳುತ್ತದೆ.

ಒಂದರ ಕೋಡ್ ಇನ್ನೊಂದಕ್ಕೆ ಆಗುತ್ತದಾ?

ಪೂರ್ತಿ ಆಗುವುದಿಲ್ಲ. ಉನೋದಲ್ಲಿ "500ಕ್ಕಿಂತ ಜಾಸ್ತಿ ಬಂದರೆ ಮಣ್ಣು ಒಣಗಿದೆ, ಪಂಪ್ ಹಾಕು" ಅಂತ ಬರೆದಿದ್ದೀರಿ ಅಂದುಕೊಳ್ಳಿ. ಅಲ್ಲಿ ಅಂಕಿ 0ಯಿಂದ 1023. ಅದೇ ಸಾಲನ್ನು ಇಎಸ್‌ಪಿ32ಕ್ಕೆ ಹಾಕಿದರೆ ಅಲ್ಲಿ ಅಂಕಿ 0ಯಿಂದ 4095. ಪೀಕೋದ ಮೈಕ್ರೋಪೈಥಾನಿನಲ್ಲಿ 0ಯಿಂದ 65535. ಕೋಡಿನಲ್ಲಿ ಏನೂ ತಪ್ಪಿಲ್ಲ, ದೋಷದ ಸಂದೇಶವೂ ಇಲ್ಲ. ಆದರೆ ಪಂಪ್ ನಿಲ್ಲುವುದೇ ಇಲ್ಲ, ತುಳಸಿ ನೀರಲ್ಲಿ ಕೊಳೆಯುತ್ತದೆ. ಹಾಗಾಗಿ ಪಾಠ ನೋಡುವಾಗ ಅದು ಯಾವ ಬೋರ್ಡಿನದು ಅಂತ ಮೊದಲು ನೋಡಿ. ಯೋಚನೆಯ ಕ್ರಮ ಮಾತ್ರ ಎಲ್ಲ ಕಡೆ ಒಂದೇ. ಓದು, ತೀರ್ಮಾನಿಸು, ಮಾಡು. ಒಂದರಲ್ಲಿ ಕಲಿತವರಿಗೆ ಇನ್ನೊಂದಕ್ಕೆ ದಾಟಲು ತಿಂಗಳುಗಟ್ಟಲೆ ಬೇಕಾಗುವುದಿಲ್ಲ.

ಏನೂ ಕೊಳ್ಳದೆ ಶುರು ಮಾಡಬಹುದು

ಇದನ್ನು ಅಂಗಡಿಯವರು ಹೇಳಲ್ಲ. ಟಿಂಕರ್‌ಕ್ಯಾಡ್ ಅನ್ನುವ ಉಚಿತ ಜಾಲತಾಣದಲ್ಲಿ ತೆರೆಯ ಮೇಲೆಯೇ ಉನೋ, ಎಲ್‌ಇಡಿ, ರೆಸಿಸ್ಟರ್ ಇಟ್ಟು ವೈರು ಎಳೆದು ಕೋಡ್ ಓಡಿಸಬಹುದು. ಮೈಕ್ರೋಬಿಟ್ ಕೂಡ ಇದೆ. ವೋಕ್ವಿ ಅನ್ನುವ ಇನ್ನೊಂದರಲ್ಲಿ ಉನೋ ಜೊತೆ ಇಎಸ್‌ಪಿ32, ಪೀಕೋಗಳೂ ಸಿಗುತ್ತವೆ. ಟಿಂಕರ್‌ಕ್ಯಾಡ್‌ನಲ್ಲಿ ರೆಸಿಸ್ಟರ್ ಇಲ್ಲದೆ ಎಲ್‌ಇಡಿ ಜೋಡಿಸಿ ನೋಡಿ, ಹಾಳಾಗುತ್ತೆ ಅಂತ ಅದೇ ಎಚ್ಚರಿಸುತ್ತದೆ. ನಾಲ್ಕೈದು ಸಂಜೆ ಇಲ್ಲಿ ಆಡಿದ ಮೇಲೂ ಮಗುವಿಗೆ ಆಸಕ್ತಿ ಉಳಿದಿದ್ದರೆ ದುಡ್ಡು ಹಾಕಲು ಅಡ್ಡಿಯಿಲ್ಲ. ಸಡಿಲ ವೈರು, ಕೆಟ್ಟ ಕೇಬಲ್ಲಿನ ಕಷ್ಟ ಮಾತ್ರ ಸಿಮ್ಯುಲೇಟರ್ ಕಲಿಸುವುದಿಲ್ಲ.

ಯಾರಿಗೆ ಯಾವುದು

ಹನ್ನೆರಡರ ಒಳಗಿನ ಮಕ್ಕಳಿಗೆ, ಬಜೆಟ್ ಇದ್ದರೆ, ಮೈಕ್ರೋಬಿಟ್. ಹೈಸ್ಕೂಲು, ಪಿಯುಸಿ ಮಕ್ಕಳಿಗೆ, ಏನೂ ಗೊತ್ತಿಲ್ಲದೆ ಶುರು ಮಾಡುವ ದೊಡ್ಡವರಿಗೆ ಉನೋ ಆರ್3. ಶಾಲೆಯ ಲ್ಯಾಬಿನಲ್ಲಿ ಯಾವ ಬೋರ್ಡ್ ಇದೆ ಅಂತ ಮೊದಲು ವಿಚಾರಿಸಿ. ಅಲ್ಲಿರುವುದೇ ಮನೆಯಲ್ಲೂ ಇದ್ದರೆ ಮೇಷ್ಟ್ರನ್ನೋ ಗೆಳೆಯರನ್ನೋ ಕೇಳಬಹುದು, ಇದು ಉಳಿದೆಲ್ಲ ಕಾರಣಗಳಿಗಿಂತ ದೊಡ್ಡ ಕಾರಣ. ಆಗಲೇ ಪೈಥಾನ್ ಬರುತ್ತದಾದರೆ ಪೀಕೋ, ಸಾಧ್ಯವಾದರೆ ಪಿನ್ ಬೆಸುಗೆ ಆಗಿರುವುದು. ಯಾವುದಾದರೂ ಭಾಷೆಯಲ್ಲಿ ಪ್ರೋಗ್ರಾಂ ಬರೆದು ಅಭ್ಯಾಸ ಇದ್ದು, ಹೊಲದ ತೇವಾಂಶವನ್ನೋ ಓವರ್‌ಹೆಡ್ ಟ್ಯಾಂಕಿನ ನೀರಿನ ಮಟ್ಟವನ್ನೋ ಫೋನಿನಲ್ಲಿ ನೋಡಬೇಕು ಅನ್ನುವ ಗುರಿ ಇದ್ದರೆ ನೇರ ಇಎಸ್‌ಪಿ32ಕ್ಕೇ ಹೋಗಿ. ಗುರಿ ಸ್ಪಷ್ಟ ಇದ್ದಾಗ ತೊಡಕುಗಳನ್ನು ದಾಟುವ ಹಟವೂ ಇರುತ್ತದೆ.

ಕೊಳ್ಳುವಾಗ

ಬೆಂಗಳೂರಿನವರಿಗೆ ಎಸ್‌ಪಿ ರೋಡ್ ಇದೆ, ಬೇರೆ ಊರಿನವರಿಗೆ ಆನ್‌ಲೈನ್. ಎಲ್ಲಿ ತಗೊಂಡರೂ 'ನೂರು ಬಿಡಿಭಾಗಗಳ ಮೆಗಾ ಕಿಟ್' ಬೇಡ. ಅದರಲ್ಲಿ ಮುಕ್ಕಾಲು ಪಾಲು ಡಬ್ಬಿಯಿಂದ ಹೊರಗೆ ಬರುವುದಿಲ್ಲ. ಒಂದು ಬೋರ್ಡ್, ಡೇಟಾ ಹೋಗುವ ಕೇಬಲ್, ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ಬಿಡಿಭಾಗ ಸಿಕ್ಕಿಸಿ ಜೋಡಿಸುವ ತೂತುಗಳ ಹಲಗೆ), ಗಂಡು-ಗಂಡು ಮತ್ತು ಗಂಡು-ಹೆಣ್ಣು ಜಂಪರ್ ವೈರು (ತುದಿಯಲ್ಲಿ ಪಿನ್ ಇದ್ದರೆ ಗಂಡು, ತೂತು ಇದ್ದರೆ ಹೆಣ್ಣು), ಹತ್ತು ಎಲ್‌ಇಡಿ, 220 ಓಮ್ ರೆಸಿಸ್ಟರ್ ಒಂದು ಪಟ್ಟಿ, ಎರಡು ಪುಶ್ ಬಟನ್, ಒಂದು ಸೆನ್ಸರ್. ಶುರುವಿಗೆ ಸಾಕು. ಜೊತೆಗೆ ಒಂದು ಮಲ್ಟಿಮೀಟರ್ ಇದ್ದರೆ ವೈರು ತುಂಡಾಗಿದೆಯಾ ಅಂತ ಊಹೆ ಮಾಡುವುದು ತಪ್ಪುತ್ತದೆ.

ಬ್ರೆಡ್‌ಬೋರ್ಡ್ ತಗೊಳ್ಳುವಾಗ ಎರಡು ವಿಷಯ ನೋಡಿ. ಅಂಚಿನ ಕೆಂಪು-ನೀಲಿ ಗೆರೆ ಮಧ್ಯದಲ್ಲಿ ತುಂಡಾಗಿದ್ದರೆ ಆ ಸಾಲಿನ ಕರೆಂಟೂ ಅಲ್ಲೇ ನಿಲ್ಲುತ್ತದೆ, ಎರಡು ಅರ್ಧವನ್ನೂ ವೈರಿನಿಂದ ಸೇರಿಸಬೇಕು. ಇಎಸ್‌ಪಿ32 ಬೋರ್ಡುಗಳು ಅಗಲ ಜಾಸ್ತಿ. ಬ್ರೆಡ್‌ಬೋರ್ಡಿನ ಮೇಲೆ ಕೂರಿಸಿದರೆ ಒಂದು ಪಕ್ಕದಲ್ಲಿ ವೈರು ಹಾಕಲು ತೂತೇ ಉಳಿಯದೆ ಹೋಗಬಹುದು. ಎರಡು ಬ್ರೆಡ್‌ಬೋರ್ಡನ್ನು ಪಕ್ಕಪಕ್ಕ ಇಟ್ಟು ಬೋರ್ಡನ್ನು ನಡುವೆ ಕೂರಿಸುವುದು ಎಲ್ಲರೂ ಮಾಡುವ ಉಪಾಯ.

ತಂದ ದಿನವೇ ಬ್ಲಿಂಕ್ ಹಾಕಿ ನೋಡಿ. ಅಂಗಡಿಯವರು ಬೋರ್ಡ್ ಬದಲಾಯಿಸಿ ಕೊಡುವುದು ಕೆಲವೇ ದಿನ, ಅದೂ ಬಿಲ್ ಇದ್ದರೆ.